ಮೇಜಿನ ಕೆಳಗೆ ಆಡುವ ಕಾಲು

"ಯಾರು ನಕ್ಕಿದ್ದು?"

ಮಾನ್ಲಿಯೊ ಕುರ್ಚಿಯಿಂದ ಎದ್ದು ನಿಂತು ಒಬ್ಬೊಬ್ಬರ ಮುಖವನ್ನೇ ನೋಡಿದ. ಚರ್ಚಿನ ಹಿಂದಿನ ಹಾಲ್‌ನಲ್ಲಿ ಹತ್ತು ಹನ್ನೆರಡು ಮಕ್ಕಳಿದ್ದರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಸೇರುವುದು ಅಲ್ಲೇ. ಉದ್ದನೆಯ ಮೇಜಿನ ಮೇಲೆ ಪಾದ್ರಿಗಳ ಹಳೇ ರೇಡಿಯೊ ಇತ್ತು. ಊರಿನ ಫುಟ್‌ಬಾಲ್ ತಂಡ ಸಾನ್ ವಿಟಾಲೆಯ ಮೇಲೆ ಎದುರಾಳಿಗಳು ಎರಡನೇ ಗೋಲ್ ಹೊಡೆದರು ಎಂದು ಕಾಮೆಂಟರಿಯವನು ಆಗಷ್ಟೇ ಸತ್ತ ದನಿಯಲ್ಲಿ ಹೇಳಿದ್ದ.

"ನಮ್ಮೂರು ಗೋಲ್ ತಿಂದಾಗ ಯಾರೋ ನಕ್ರು. ನನ್ನ ಕಿವಿ ಸರಿಯಾಗೇ ಇದೆ."

"ನಾನಲ್ಲಪ್ಪಾ."

"ನಾನೂ ಅಲ್ಲ. ನನಗೆ ಅಳು ಬರ್ತಿದೆ, ನಗು ಎಲ್ಲಿಂದ ಬರುತ್ತೆ?"

ನೋರ್ಮಾ ಮಾತ್ರ ಪಕ್ಕದಲ್ಲಿ ಕೂತಿದ್ದ ಲವೀನಿಯಾಳ ಕಡೆ ಮೆಲ್ಲಗೆ ತಿರುಗಿದಳು. ಇಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು.

"ಲವೀ... ನೀನಾ?"

"ಇಲ್ಲ ಕಣೇ. ಕೆಮ್ಮು ಬಂತು," ಎಂದಳು ಲವೀನಿಯಾ. ನಂಬಿಕೆ ಬರಲೆಂದು ಕೆಮ್ಮಲೂ ನೋಡಿದಳು. ಬೇಕಾದಾಗ ಕೆಮ್ಮು ಎಲ್ಲಿ ಬರುತ್ತದೆ? ಗಂಟಲಿಂದ ಕೋಳಿಮರಿ ಕೂಗಿದ ಹಾಗೆ ಏನೋ ಒಂದು ಸದ್ದು ಬಂತು.

"ಇವಳೇ! ಇವಳೇ ನಕ್ಕಿದ್ದು!" ಮಾನ್ಲಿಯೊ ಮೇಜು ಗುದ್ದಿದ. "ಇವರಪ್ಪನ್ನ ಓಡಿಸಿದ್ರಲ್ಲ, ಅದಕ್ಕೇ ಖುಷಿ ಇವಳಿಗೆ. ಹೋಗೇ, ಆ ಟೀಮಿನ ಊರಿಗೇ ಹೋಗಿ ಕೂತ್ಕೋ!"

ಲವೀನಿಯಾ ನೋರ್ಮಾಳ ಮುಖ ನೋಡಿದಳು. ನೋರ್ಮಾ ತನ್ನ ಕುರ್ಚಿಯನ್ನು ಆಚೆಗೆ ಎಳೆದುಕೊಂಡಳು. ಸ್ವಲ್ಪವೇ ಎಳೆದಿದ್ದು, ಒಂದು ಗೇಣು ಇರಬಹುದು. ಲವೀನಿಯಾ ಕೋಟು ತೆಗೆದುಕೊಂಡು ಹೊರಗೆ ಬಂದುಬಿಟ್ಟಳು.

ನಕ್ಕಿದ್ದು ಅವಳೇ. ಬೇಕೆಂದು ನಕ್ಕಿದ್ದಲ್ಲ, ಮೂಗಿನಿಂದ ಪುಸಕ್ಕನೆ ಬಂದುಬಿಟ್ಟಿತ್ತು.

ಅವಳ ಅಪ್ಪ ತುಲ್ಲಿಯೊ ಗಾಸ್ಪರೀನಿ ಒಂದು ಕಾಲದಲ್ಲಿ ಡಿಫೆಂಡರ್. ಒಂದೇ ತಂಡಕ್ಕೆ ಹನ್ನೊಂದು ವರ್ಷ ಆಡಿದವನು. ಮೂಗು ಎರಡು ಸಲ ಮುರಿದಿದೆ. ಅಷ್ಟು ವರ್ಷದಲ್ಲಿ ಹೊಡೆದ ಗೋಲುಗಳು ಎರಡೇ ಎರಡು, ಅದರಲ್ಲೂ ಒಂದು ತಮ್ಮ ಗೋಲಿಗೇ! ಆಮೇಲೆ ಮಂಡಿ ಕೈಕೊಟ್ಟಿತು, ಅಪ್ಪ ಕೋಚ್ ಆದ. ಆಟಗಾರನಾಗಿದ್ದಾಗ ಒಂದೇ ಊರು ಸಾಕಾಗಿತ್ತು. ಕೋಚ್ ಆದ ಮೇಲೆ ಆರು ವರ್ಷಕ್ಕೆ ಐದು ಊರು.

ತಂಡ ಸೋತರೆ ಇಪ್ಪತ್ತೆರಡು ಜನ ಆಟಗಾರರನ್ನು ಓಡಿಸುವುದು ಕಷ್ಟ. ಒಬ್ಬ ಕೋಚ್‌ನನ್ನು ಓಡಿಸುವುದು ಸುಲಭ. ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ. ಸಾನ್ ವಿಟಾಲೆಯವರೂ ಫೆಬ್ರವರಿಯಲ್ಲಿ ಅದನ್ನೇ ಮಾಡಿದರು. ಕೋಚ್‌ಗೆ ಇಲ್ಲಿ ಎಲ್ಲರೂ 'ಮಿಸ್ಟರ್' ಎನ್ನುತ್ತಾರೆ. ಭಾನುವಾರದವರೆಗೆ "ಬನ್ನಿ ಮಿಸ್ಟರ್, ಕೂತ್ಕೊಳ್ಳಿ ಮಿಸ್ಟರ್" ಎನ್ನುತ್ತಿದ್ದ ಕಾಫಿ ಅಂಗಡಿಯವನು ಮಂಗಳವಾರ "ಏನು ತುಲ್ಲಿಯೊ ಅವರೇ" ಎಂದ. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಊರಲ್ಲೂ ಇರುತ್ತಾರೆ.

ಆದರೆ ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಓಡಿಸಿದ ಕೋಚ್ ಆ ವರ್ಷ ಬೇರೆ ತಂಡಕ್ಕೆ ಹೋಗುವ ಹಾಗಿಲ್ಲ. ಜೂನ್‌ವರೆಗೂ ಅವನು ಈ ತಂಡದವನೇ. ಹೊಸ ಮಿಸ್ಟರ್ ಕೂಡ ಸೋಲತೊಡಗಿದರೆ ಓಡಿಸಿದವರೇ ಫೋನ್ ಮಾಡಿ ಹಳಬನನ್ನು ವಾಪಸ್ ಕರೆಯುತ್ತಾರೆ. ಅದಕ್ಕೆ ಯಾರೂ ನಾಚಿಕೊಳ್ಳುವುದೂ ಇಲ್ಲ.

ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದುದನ್ನು ಲವೀನಿಯಾ ಕೇಳಿಸಿಕೊಂಡಿದ್ದಳು. "ಸೋಲ್ತಾ ಹೋದ್ರೆ ಇವರನ್ನ ಕರೀತಾರೆ, ಇಲ್ಲೇ ಇರ್ತೀವಿ. ಗೆದ್ರೆ ಜೂನ್‌ನಲ್ಲಿ ಗಂಟುಮೂಟೆ ಕಟ್ಟೋದೇ."

ಅಮ್ಮ ಸಾಮಾನು ತುಂಬುವ ರಟ್ಟಿನ ಪೆಟ್ಟಿಗೆಗಳನ್ನು ಯಾವತ್ತೂ ಎಸೆಯುವುದಿಲ್ಲ. ಮಡಿಸಿ ಬೀರುವಿನ ಹಿಂದೆ ಇಟ್ಟಿರುತ್ತಾಳೆ. ರಾತ್ರಿ ಮಲಗಿದಾಗ ಅವುಗಳ ಅಂಚು ಲವೀನಿಯಾಗೆ ಕಾಣುತ್ತದೆ.

ಇದು ಅವಳ ನಾಲ್ಕನೇ ಸ್ಕೂಲ್. ಹಿಂದಿನ ಮೂರರಲ್ಲಿ ಅವಳಿಗೆ ಫ್ರೆಂಡ್ ಅಂತ ಯಾರೂ ಇರಲಿಲ್ಲ. ಹೆಸರು ಕಲಿಯುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತಿತ್ತು. ಇಲ್ಲಿ ಮಾತ್ರ ನೋರ್ಮಾ ಮೊದಲ ದಿನವೇ, "ನನ್ನ ಪಕ್ಕ ಬಾ, ನನಗೆ ಭಾಗಾಕಾರ ಬರಲ್ಲ. ನಿನಗೆ ಬರುತ್ತಾ?" ಎಂದು ಕೇಳಿದ್ದಳು. ಲವೀನಿಯಾಗೆ ಬರುತ್ತಿತ್ತು.

ನೋರ್ಮಾಳ ಪಕ್ಕ ಇರಬೇಕಾದರೆ ತಂಡ ಸೋಲಬೇಕು. ತಂಡ ಸೋತರೆ ನೋರ್ಮಾಗೆ ಅಳು. ಇತ್ತ ದರಿ, ಅತ್ತ ಪುಲಿ. ಹತ್ತು ವರ್ಷದವಳು ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ?

ಸೋಮವಾರ ಸ್ಕೂಲಿಗೆ ಹೋಗುವುದಿಲ್ಲವೆಂದು ಹಟ ಹಿಡಿಯಬಹುದಿತ್ತು. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹೋದಳು. ನೋರ್ಮಾಳ ಬ್ಯಾಗು ಅವರಿಬ್ಬರ ಬೆಂಚಿನಲ್ಲಿರಲಿಲ್ಲ, ಮೂರನೇ ಬೆಂಚಿನಲ್ಲಿತ್ತು.

"ನೋರ್ಮಾ, ನಾನು..."

"ನಮ್ಮ ತಾತ ನಿನ್ನೆ ಊಟ ಮಾಡ್ಲಿಲ್ಲ," ಎಂದಳು ನೋರ್ಮಾ, ಪುಸ್ತಕದಿಂದ ತಲೆ ಎತ್ತದೆ. "ಅಜ್ಜಿ ಸೂಪ್ ಬಿಸಿ ಮಾಡಿದ್ಳು, ಆರೋಯ್ತು, ಮತ್ತೆ ಬಿಸಿ ಮಾಡಿದ್ಳು. ತಾತ ಮುಟ್ಲಿಲ್ಲ. ಆಗ ನೀನು ನಗ್ತಿದ್ದೆ."

ನೋರ್ಮಾಳ ತಾತ ಎಲ್ವೀರೊ ತಂಡದ ಬಟ್ಟೆ ನೋಡಿಕೊಳ್ಳುವವರು. ಮೂವತ್ತು ವರ್ಷದಿಂದ ಆಟಗಾರರ ಶರ್ಟು ಒಗೆದು, ಮಡಿಸಿ, ಬೂಟುಗಳ ಮಣ್ಣು ಕೆರೆದು ಇಡುತ್ತಿದ್ದಾರೆ. ಹೀಗೇ ಸೋತು ತಂಡ ಕೆಳಗಿನ ಲೀಗಿಗೆ ಬಿದ್ದರೆ ಶರ್ಟುಗಳಿರುತ್ತವೆ, ಒಗೆಯಲು ಎಲ್ವೀರೊ ತಾತ ಇರುತ್ತಾರೋ ಇಲ್ಲವೋ.

ಅವತ್ತಿಡೀ ಲವೀನಿಯಾ ಬೆಂಚಿನಲ್ಲಿ ಒಬ್ಬಳೇ ಕೂತಳು. ಇಬ್ಬರ ಬೆಂಚಿನಲ್ಲಿ ಒಬ್ಬರೇ ಕೂತರೆ ಮೊಣಕೈ ಎಲ್ಲಿ ಇಡಬೇಕೆಂದೇ ತಿಳಿಯುವುದಿಲ್ಲ. ಬಿಡುವಿನಲ್ಲಿ ಕಿಟಕಿ ಹತ್ತಿರ ನಿಂತು ಬ್ರೆಡ್ ತಿಂದಳು. ಮಂಗಳವಾರವೂ ಹಾಗೇ ಆಯಿತು.

ಬುಧವಾರ ಬ್ರೆಡ್ ಅಂಗಡಿಯಲ್ಲಿ ಎಲ್ವೀರೊ ತಾತನೇ ಎದುರಾದರು. ಓಡೋಣವೆಂದರೆ ಬಾಗಿಲಲ್ಲೇ ಅವರು ನಿಂತಿದ್ದರು.

"ಏನಮ್ಮಾ, ಮಿಸ್ಟರ್ ಹೇಗಿದಾರೆ?"

ಅವರು ಇನ್ನೂ ಮಿಸ್ಟರ್ ಎನ್ನುತ್ತಿದ್ದರು!

"ಚೆನ್ನಾಗಿದಾರೆ, ತಾತ."

"ಅವರ ಬಟ್ಟೆ ಹಾಕೋ ಗೂಟ ಹಾಗೇ ಖಾಲಿ ಇಟ್ಟಿದೀನಿ ಅಂತ ಹೇಳು. ಹೊಸಬರಿಗೆ ಬೇರೆ ಕೊಟ್ಟಿದೀನಿ. ನಾನು ನೋಡಿದ ಹಾಗೆ ಹೋದವರಲ್ಲಿ ಅರ್ಧ ಜನ ವಾಪಸ್ ಬಂದಿದಾರೆ." ಬಾಗಿಲಿಂದ ಸರಿದು ದಾರಿ ಬಿಡುತ್ತಾ ಸೇರಿಸಿದರು, "ಆದ್ರೆ ಈ ಭಾನುವಾರ ಗೆಲ್ಲಲೇಬೇಕಮ್ಮಾ. ಅದೂ ಹೇಳು."

ಲವೀನಿಯಾ ತಲೆಯಾಡಿಸಿದಳು. ಮನೆಗೆ ಬಂದು ಅಪ್ಪನಿಗೆ ಗೂಟದ ವಿಷಯ ಹೇಳಿದಳು. ಇನ್ನೊಂದನ್ನು ಹೇಳಲಿಲ್ಲ.

ಆ ಭಾನುವಾರ ಅವಳು ಹಾಲ್‌ಗೆ ಹೋಗಲಿಲ್ಲ. ಅಮ್ಮನಿಗೆ ಮೆಡಿಕಲ್ ಶಾಪಿನಲ್ಲಿ ಡ್ಯೂಟಿ ಇತ್ತು. ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದ. ಕಿಟಕಿಯಲ್ಲಿ ರೇಡಿಯೊ ಸಣ್ಣಗೆ ಹಾಡುತ್ತಿತ್ತು.

"ಹಾಲ್‌ಗೆ ಹೋಗಲ್ವಾ?"

"ತಲೆನೋವು."

"ಹಾಗಾದ್ರೆ ಬಾ. ಬಟಾಣಿ ಸುಲಿದ್ರೆ ಹೋಗುತ್ತೆ," ಎಂದು ಅರ್ಧ ರಾಶಿಯನ್ನು ಅವಳ ಕಡೆ ತಳ್ಳಿದ. ಅದು ಯಾವ ಡಾಕ್ಟರ್ ಹೇಳಿದ್ದೋ!

ಲವೀನಿಯಾ ಎದುರಿಗೆ ಕೂತಳು. ಆಟ ಶುರುವಾಯಿತು. ಅಪ್ಪನ ಮುಖದಲ್ಲಿ ಏನೂ ಕಾಣಲಿಲ್ಲ. ಅವನೂ ತನ್ನ ಹಾಗೆ ಒಳಗೊಳಗೇ 'ಸೋಲಲಿ, ಸೋಲಲಿ' ಎನ್ನುತ್ತಿರಬೇಕು ಎಂದುಕೊಂಡಳು. ಹಾಗಂದುಕೊಂಡರೆ ಸ್ವಲ್ಪ ಸಮಾಧಾನ. ಇಬ್ಬರು ಕೆಟ್ಟವರಿದ್ದರೆ ಒಬ್ಬರೇ ಕೆಟ್ಟವರಾದಷ್ಟು ಬೇಜಾರಿರುವುದಿಲ್ಲ.

ಸಾನ್ ವಿಟಾಲೆ ಮೊದಲೇ ಒಂದು ಗೋಲ್ ಹೊಡೆಯಿತು. ಆಮೇಲೆ ಬರೀ ಎದುರು ತಂಡದ್ದೇ ಆಟ. ಬಲಗಡೆಯಿಂದ ಬಂದರು, ಎಡಗಡೆಯಿಂದ ಬಂದರು. ರೇಡಿಯೊದವನ ದನಿ ಏರಿತು. "ಗೋಲಿನ ಮುಂದೆ ಒಬ್ಬನೇ ಇದ್ದಾನೆ, ಬಾಲು ಅವನ ಕಾಲಲ್ಲೇ..."

"ಅಯ್ಯೋ ಅಮ್ಮಾ!" ಲವೀನಿಯಾ ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡಳು.

"ಏನಾಯ್ತು?"

"ಒದ್ದೆಯಲ್ಲಾ ನೀನು!"

ಅಪ್ಪ ಮೇಜಿನ ಕೆಳಗೆ ಬಗ್ಗಿ ತನ್ನ ಕಾಲನ್ನೇ ನೋಡಿದ, ಅದು ಪಕ್ಕದ ಮನೆಯವರ ಕಾಲೇನೋ ಎಂಬಂತೆ. "ಛೆ, ಕ್ಷಮಿಸು ಪುಟ್ಟಾ. ಬಾಲ್ ಆಚೆಗೆ ಹೊಡೆಯೋಕೆ ಹೋಯ್ತು. ಪ್ರತಿ ಭಾನುವಾರ ಇದೇ ಕತೆ. ಹೋದ ವಾರ ಅಮ್ಮನಿಗೂ ಬಿತ್ತು."

ಲವೀನಿಯಾ ಕಾಲು ಉಜ್ಜುತ್ತಾ ಅವನನ್ನೇ ನೋಡಿದಳು. "ಅವರು ನಿನ್ನ ಓಡಿಸಿದ್ರು."

"ಹೂಂ."

"ಅವರು ಸೋಲಲಿ ಅಂತ ನಿನಗೆ ಅನ್ಸಲ್ವಾ?"

ಅಪ್ಪ ಒಂದು ಸಿಪ್ಪೆ ಬಿಡಿಸಿದ. ಕಾಳು ಎಣಿಸುವವನ ಹಾಗೆ ಅದನ್ನೇ ನೋಡುತ್ತಿದ್ದ.

"ಅನ್ಸುತ್ತೆ," ಎಂದ ಕೊನೆಗೆ. "ಸುಳ್ಳು ಯಾಕೆ ಹೇಳ್ಲಿ? ಬೆಳಗ್ಗೆ ಗಡ್ಡ ಕೆರೀವಾಗ ಅನ್ಸುತ್ತೆ, ಆ ಕಾಫಿ ಅಂಗಡಿಯವನ ಮುಖ ನೋಡಿದಾಗಂತೂ ಜೋರಾಗಿ ಅನ್ಸುತ್ತೆ. ಆದ್ರೆ ಆಟ ಶುರುವಾಗಿ ಬಾಲ್ ನಮ್ಮ ಗೋಲಿನ ಕಡೆ ಬಂತೋ, ಈ ಕಾಲು ನನ್ನ ಮಾತು ಕೇಳಲ್ಲ."

"ನಮ್ಮ ಗೋಲಾ?"

"ಮತ್ತಿನ್ಯಾರದು?"

ಕೊನೆಯ ನಿಮಿಷದಲ್ಲಿ ಎದುರಾಳಿಗಳಿಗೆ ಒಂದು ಕಾರ್ನರ್ ಸಿಕ್ಕಿತು. ಲವೀನಿಯಾ ಬುದ್ಧಿವಂತೆ, ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡಳು. ಅಪ್ಪನ ಕಾಲು ಮೇಜಿಗೇ ಬಡಿಯಿತು, ಬಟ್ಟಲು ಮಗುಚಿತು. ರೇಡಿಯೊದಲ್ಲಿ ಸೀಟಿ ಊದಿದಾಗ ಅಪ್ಪ ನೆಲದ ಮೇಲೆ ಅಂಬೆಗಾಲಿಟ್ಟು ಬಟಾಣಿ ಹುಡುಕುತ್ತಿದ್ದ. ಸಾನ್ ವಿಟಾಲೆ ಗೆದ್ದಿತ್ತು. ಮುರಿದ ಮೂಗಿನ ಅಪ್ಪ ಬೀರುವಿನಡಿಯ ಕಾಳುಗಳಿಗೆ ಕೈ ಚಾಚುತ್ತಾ ಮೆಲ್ಲಗೆ ಹಾಡು ಗುನುಗುತ್ತಿದ್ದ.

ಮರುದಿನ ಅಮ್ಮ ರಟ್ಟಿನ ಪೆಟ್ಟಿಗೆಗಳನ್ನು ಬೀರುವಿನ ಹಿಂದಿನಿಂದ ತೆಗೆದು ಧೂಳು ಹೊಡೆದಳು.

ಆಟದ ಪೀರಿಯಡ್‌ನಲ್ಲಿ ನೋರ್ಮಾ ಲವೀನಿಯಾಳ ಕಾಲು ನೋಡಿದಳು. ಅಲ್ಲಿ ಬದನೆಕಾಯಿಯ ಬಣ್ಣ ಬಂದಿತ್ತು.

"ಏನೇ ಅದು?"

"ಅಪ್ಪ ಒದ್ದಿದ್ದು."

"ಯಾಕೆ?"

"ಬಾಲ್ ಗೋಲಿನ ಹತ್ರ ಬಂತು. ರೇಡಿಯೊದಲ್ಲಿ."

ನೋರ್ಮಾಗೆ ನಗು ಬಂದ ಹಾಗಾಯಿತು, ಆದರೆ ನಗಲಿಲ್ಲ. ಬೆಂಚಿಗೂ ವಾಪಸ್ ಬರಲಿಲ್ಲ.

ಏಪ್ರಿಲ್ ತಿಂಗಳ ಕೊನೆಯ ಭಾನುವಾರ ಲೀಗಿನ ಕೊನೆಯ ಪಂದ್ಯ. ಡ್ರಾ ಆದರೂ ಸಾಕು, ಸಾನ್ ವಿಟಾಲೆ ಇದೇ ಲೀಗಿನಲ್ಲಿ ಉಳಿಯುತ್ತದೆ. ಸೋತರೆ ಉಳಿಯಲೆಂದೇ ಇನ್ನೂ ಎರಡು ಹೆಚ್ಚಿನ ಪಂದ್ಯ ಆಡಬೇಕು. ಆಗ ಎಲ್ಲರಿಗೂ ಹೆದರಿಕೆಯಾಗಿ ಹಳೇ ಮಿಸ್ಟರ್‌ಗೆ ಫೋನ್ ಬಂದರೂ ಬರಬಹುದು. ಇದು ಲವೀನಿಯಾಗೆ ಚೆನ್ನಾಗಿ ಗೊತ್ತಿತ್ತು. ಊರಲ್ಲೇ ಇರಲು ಇದೊಂದೇ ದಾರಿ ಉಳಿದಿತ್ತು.

ಅವಳು ಹಾಲ್‌ಗೆ ಹೋದಳು. ಯಾರೂ "ಬಾ" ಎನ್ನಲಿಲ್ಲ. "ಬಂದ್ಳಪ್ಪಾ, ನಗೋಕೆ," ಎಂದ ಮಾನ್ಲಿಯೊ. ಲವೀನಿಯಾ ಮೇಜಿನ ತುದಿಯ ಕುರ್ಚಿಯಲ್ಲಿ ಕೂತಳು. ಎದುರಿಗೆ ಸ್ವಲ್ಪ ದೂರದಲ್ಲಿ ನೋರ್ಮಾ ಕಣ್ಣು ಮುಚ್ಚಿಕೊಂಡು, ಎರಡೂ ಕೈಯ ಬೆರಳು ಹೆಣೆದುಕೊಂಡು ಕೂತಿದ್ದಳು.

ತೊಂಬತ್ತು ನಿಮಿಷವಾದರೂ ಯಾರೂ ಗೋಲ್ ಹೊಡೆಯಲಿಲ್ಲ. ರೆಫ್ರಿ ಮೂರು ನಿಮಿಷ ಹೆಚ್ಚು ಕೊಟ್ಟ.

'ಒಂದೇ ಒಂದು ಗೋಲ್,' ಎಂದಿತು ಲವೀನಿಯಾಳ ತಲೆ. 'ಒಂದು ಗೋಲ್ ಬಿದ್ದರೆ ಫೋನ್ ಬರುತ್ತೆ. ಪೆಟ್ಟಿಗೆ ಮತ್ತೆ ಬೀರುವಿನ ಹಿಂದಕ್ಕೆ ಹೋಗುತ್ತೆ.'

ರೇಡಿಯೊದವನು ಕಿರುಚಿದ. "ತಪ್ಪಿಸಿಕೊಂಡ! ನಮ್ಮ ಡಿಫೆಂಡರ್ ಹಿಂದೆ ಬಿದ್ದ! ಗೋಲ್‌ಕೀಪರ್ ಮುಂದೆ ಬಂದಿದ್ದಾನೆ, ಗೋಲು ಖಾಲಿ, ಬಾಲು ಉರುಳುತ್ತಾ ಇದೆ, ಉರುಳುತ್ತಾ..."

ಢಂ!

ಇಡೀ ಮೇಜು ಅಲುಗಾಡಿತು. ರೇಡಿಯೊ ಜಾರಿ ಮಕಾಡೆ ಬಿತ್ತು, ಗೊರಗೊರ ಎಂದಿತು. ನೋರ್ಮಾ ಕಣ್ಣು ಬಿಟ್ಟಳು, ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ಯಾರೇ ಒದ್ದಿದ್ದು?"

ಲವೀನಿಯಾಳ ಬಲಗಾಲಿನ ಹೆಬ್ಬೆರಳು ಉರಿಯುತ್ತಿತ್ತು. ಅವಳು ಅದನ್ನು ಹಿಡಿದುಕೊಂಡೇ ಕೇಳಿದಳು, "ನಾನೇ. ಬಾಲ್ ಆಚೆಗೆ ಹೋಯ್ತಾ?"

ಮಾನ್ಲಿಯೊ ರೇಡಿಯೊ ನೆಟ್ಟಗೆ ಮಾಡಿ ಕಿವಿ ಹಚ್ಚಿದ. ಎಲ್ಲರೂ ಅವನ ಸುತ್ತ ಮುತ್ತಿಕೊಂಡರು.

"ಹೋಯ್ತು," ಎಂದ. "ಯಾರೋ ಓಡಿ ಬಂದು ಗೆರೆ ಮೇಲಿಂದ ಹೊಡೆದು ಆಚೆಗೆ ಹಾಕಿದ್ರಂತೆ. ಹೋಯ್ತು! ಉಳಿದ್ವಿ!"

ಹಾಲ್ ತುಂಬ ಕೂಗಾಟ. ಕುರ್ಚಿಗಳು ಉರುಳಿದವು. ನೋರ್ಮಾ ಮಾತ್ರ ಕುಣಿಯದೆ ಮೇಜು ಸುತ್ತಿ ಬಂದು ಲವೀನಿಯಾಳ ಪಕ್ಕ ಕೂತಳು.

"ನೋವಾ?"

"ತುಂಬಾ."

"ಜೂನ್‌ನಲ್ಲಿ ಹೋಗ್ತೀರಾ ಹಾಗಾದ್ರೆ?"

ಲವೀನಿಯಾ ತಲೆಯಾಡಿಸಿದಳು. ಕಣ್ಣು ತುಂಬಿ ಬಂತು. ಕಾಲು ನೋವೆಂದು ಹೇಳಬಹುದಿತ್ತು, ಹೇಳಲಿಲ್ಲ. ನೋರ್ಮಾ ತನ್ನ ಕುರ್ಚಿಯನ್ನು ಒಂದು ಗೇಣು ಹತ್ತಿರ ಎಳೆದುಕೊಂಡಳು.

ಈಗ ಮನೆಯ ಅಡುಗೆಕೋಣೆಯಲ್ಲೂ ಬಟಾಣಿ ಚೆಲ್ಲಿರುತ್ತದೆ ಎಂದುಕೊಂಡಳು ಲವೀನಿಯಾ. ಅಪ್ಪ ಒಬ್ಬನೇ ನೆಲದ ಮೇಲೆ ಕಾಳು ಹುಡುಕುತ್ತಿರುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಮನೆಗೆ ಹೋಗಿ, ಬೀರುವಿನಡಿ ಅವನ ಕೈಗೆ ಸಿಗದಿದ್ದವನ್ನು ತಾನು ತೆಗೆದುಕೊಡಬೇಕು.