ಮರದ ಗೋಡೆಯ ಆಚೆಯ ಕಂಪ್ಯೂಟರ್

"ಯವ್ವಾ... ಕೆಡಿಸಿಬಿಟ್ಟೆ ಅನಸ್ತೈತಿ."

ಸೌಭಾಗ್ಯ ಕೀಬೋರ್ಡಿನಿಂದ ಕೈ ಕಿತ್ತುಕೊಂಡಳು. ಹೆಸರು ಕೇಳಿ ನಮಸ್ಕಾರ ಹೇಳಬೇಕಿದ್ದ ಅವಳ ಮೊದಲ ಸಿ ಪ್ರೋಗ್ರಾಂ, ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ್ದೇ ತಡ, ಇಂಗ್ಲಿಷಿನಲ್ಲಿ ಏನೋ ಬೈದು ಅಲ್ಲೇ ನಿಂತುಬಿಟ್ಟಿತ್ತು. ಬಬಲೇಶ್ವರದ ಹತ್ತಿರದ ತನ್ನೂರು ನಿಡೋಣಿಯಿಂದ ಬಸ್ಸು ಹತ್ತಿ ವಿಜಯಪುರದ ಶಾಹೀನ ಮೇಡಂ ಅವರ ಕಂಪ್ಯೂಟರ್ ಕ್ಲಾಸಿಗೆ ಬಂದ ಮೊದಲ ವಾರವೇ ಹೀಗೆ! ಯಾರೂ ನೋಡುವ ಮುನ್ನ ಚೀಲ ಎತ್ತಿಕೊಂಡು ಹೊರಟುಬಿಡಲೇ ಅಂದುಕೊಂಡಳು.

"ಏನೂ ಕೆಟ್ಟಿಲ್ಲರಿ. ನಿಮ್ಮ ಹೆಸರಿಗೆ ಜಾಗಾ ಸಾಲಿಲ್ಲ, ಅಷ್ಟ."

ಹಿಂದೆ ನಿಂತಿದ್ದವನು ಚೇತನಕುಮಾರ. ಅವಳಿಗಿಂತ ಒಂದು ಬ್ಯಾಚ್ ಮುಂದಿದ್ದವನು. ತಿಕೋಟಾ ಕಡೆಯ ಘೋಣಸಗಿಯಲ್ಲಿ ದ್ರಾಕ್ಷಿ ಬೆಳೆಯುವ ಮನೆಯ ಹುಡುಗ.

"ಇಲ್ಲಿ ಎಂಟು ಅಕ್ಷರಕ್ಕ ಜಾಗಾ ಮಾಡೀರಿ. ಇಂಗ್ಲಿಷನ್ಯಾಗ ನಿಮ್ಮ ಹೆಸರಿಗೆ ಒಂಬತ್ತು ಬೇಕು. ಮ್ಯಾಲೆ ಕಡೀಕ ಒಂದು ಸೊನ್ನಿ ಕೂಡಬೇಕು. ಅದು ಇಲ್ಲಂದ್ರ ಮಾತು ಎಲ್ಲಿ ಮುಗೀತು ಅಂತ ಕಂಪ್ಯೂಟರಿಗೆ ತಿಳಿಯಂಗಿಲ್ಲ."

"ಕಣ್ಣಿಗೆ ಕಾಣದ ಸೊನ್ನಿಗೂ ಜಾಗಾ ಕೊಡಬೇಕೇನ್ರಿ?"

"ಕೊಡಬೇಕ್ರಿ. ಇಷ್ಟು ದೊಡ್ಡ ಹೆಸರು ಇಟ್ಕೊಂಡು ಜಾಗಾಕ್ಕ ಜಿಪುಣತನ ಮಾಡಿದ್ರ ಹೆಂಗ?"

ಅವಳು ಜಾಗ ಹಿಗ್ಗಿಸಿದಳು. ಪರದೆಯ ಮೇಲೆ ನಮಸ್ಕಾರ ಮೂಡಿತು, ಅದರ ಪಕ್ಕ ಅವಳ ಪೂರ್ತಿ ಹೆಸರು. ಹುಟ್ಟಿದಾಗಿನಿಂದ ಊರೆಲ್ಲ ಕರೆದ ಹೆಸರೇ. ಆದರೆ ತಾನೇ ಹೇಳಿಕೊಟ್ಟ ಯಂತ್ರವೊಂದು ತನ್ನನ್ನು ಕರೆದಾಗ ಅವಳ ಕಣ್ಣು ಅರಳಿಬಿಟ್ಟವು. ಚೇತನ ಪರದೆ ನೋಡುವುದನ್ನು ಬಿಟ್ಟು ಆ ಕಣ್ಣುಗಳನ್ನೇ ನೋಡುತ್ತ ನಿಂತ.

ಪಾಯಿಂಟರ್ ಎಂಬ ಪಾಠ ಬಂದಾಗ ಅರ್ಧ ಕ್ಲಾಸಿನ ತಲೆ ಗಿರಗಿರ ಎಂದಿತು. ಅವಳದ್ದೂ ಅಷ್ಟೇ.

"ನಮ್ಮೂರಿಗೆ ಬಂದು ನಮ್ಮ ಮನಿ ಕೇಳ್ರಿ," ಎಂದ ಚೇತನ. "ಯಾರೂ ಮನಿ ಹೊತ್ಕೊಂಡು ಬಂದು ನಿಮ್ಮ ಮುಂದ ಇಡಂಗಿಲ್ಲ. ಅಲ್ಲೈತಿ ನೋಡ್ರಿ ಅಂತ ಕೈ ಮಾಡ್ತಾರ. ಆ ಕೈನ ನೋಡ್ರಿ ಪಾಯಿಂಟರ್ ಅಂದ್ರ."

ಅವಳಿಗೆ ಮೈ ಜುಮ್ಮೆಂದಿತು. ಅಂದರೆ ಈ ಪೆಟ್ಟಿಗೆಯೊಳಗೆ ಒಂದೊಂದು ಅಕ್ಷರವೂ ತನ್ನದೇ ವಿಳಾಸ ಇಟ್ಟುಕೊಂಡು ಕೂತಿದೆ! ಸಂಜೆ ಊರಿಗೆ ಮರಳುವ ಬಬಲೇಶ್ವರದ ಬಸ್ಸಿನ ಕಿಟಕಿಯಲ್ಲಿ ಒಂದೊಂದೇ ಮನೆ ಹಿಂದೆ ಸರಿಯುವಾಗಲೂ ಅದೇ ಯೋಚನೆ. ಮನಸ್ಸಿಗೂ ಒಂದು ಕೈ ಮೂಡಿತ್ತು. ಅದು ಘೋಣಸಗಿಯತ್ತ ಚಾಚಿತ್ತು ಅಂತ ನಾನು ಬೇರೆ ಹೇಳಬೇಕೇ?

ಎರಡು ಮೂರು ತಿಂಗಳು ಕಳೆದ ಮೇಲೆ ಒಂದು ವಾರ ಅವ್ವ ಗುರುಸಿದ್ದವ್ವ ರೊಟ್ಟಿ ಬಡಿಯುತ್ತ ಮಾತು ತೆಗೆದಳು.

"ಐತವಾರ ಮಧ್ಯಾಹ್ನ ಜೈನಾಪುರದವರು ನಿನ್ನ ನೋಡಾಕ ಬರಾಕತ್ತಾರ. ಒಪ್ಪಿದ್ರ ಈ ಬಸ್ಸಿನ ಓಡ್ಯಾಟ ಸಾಕು."

"ಯವ್ವಾ... ನನ್ನ ಮನಸಿನ್ಯಾಗ ಬ್ಯಾರೆ ಯಾರರ ಇದ್ರ?"

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಇದ್ರ ಅವರು ಬಂದು ಕೇಳಲಿ. ಹೆಣ್ಣಿನವರು ನಾವಾಗಿ ಹೋಗೂದು ಪದ್ಧತಿ ಅಲ್ಲ."

ಶುಕ್ರವಾರ ಸೌಭಾಗ್ಯ ಚೇತನನಿಗೆ ಇಷ್ಟೇ ಹೇಳಿದಳು, "ಐತವಾರ ನನ್ನ ನೋಡಾಕ ಬರ್ತಾರ್ರಿ."

ಅವನ ಮುಖ ಬಾಡಿತು. "ನಾಳೆ ಎರಡೂ ಬ್ಯಾಚಿಗೆ ಸಾಕೆಟ್ ಪಾಠ ಐತಲ್ರಿ. ಬಾಯಲೆ ಹೇಳಾಕ ಆಗದ್ದು... ಅದರಾಗ ಹೇಳೂಣು."

ಸಾಕೆಟ್ ಅಂದರೆ ಎರಡು ಕಂಪ್ಯೂಟರ್ ಮಾತಾಡಿಕೊಳ್ಳುವ ಬಾಗಿಲು. ಒಂದು ಬಾಗಿಲು ತೆರೆದು ಕಾಯಬೇಕು. ಇನ್ನೊಂದು ವಿಳಾಸ ಹುಡುಕಿಕೊಂಡು ಬಂದು ತಟ್ಟಬೇಕು. ಎರಡೂ ಕಾಯ್ದರೂ ಮಾತಿಲ್ಲ, ಎರಡೂ ತಟ್ಟಿದರೂ ಮಾತಿಲ್ಲ. ಕಾಯುವುದು, ತಟ್ಟುವುದು, ಎರಡೂ ಪ್ರೋಗ್ರಾಂಗಳನ್ನು ಎಲ್ಲರೂ ಬರೆದಿಟ್ಟುಕೊಂಡಿದ್ದರು.

ಶನಿವಾರ ಮೇಡಂ ಇವರಿಬ್ಬರನ್ನೂ ಕೋಣೆಯ ನಡುವಿನ ಮರದ ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು ಕೂಡಿಸಿ ಹೇಳಿದರು, "ಬಾಯಿ ಬಂದ್. ಕೈ ಚಾಲೂ."

ಸೌಭಾಗ್ಯ ಕಾಯುವ ಪ್ರೋಗ್ರಾಂ ಓಡಿಸಿದಳು. ಅವನೇ ಬರಲಿ, ಅವನೇ ಕೇಳಲಿ. ಅವ್ವ ಹೇಳಿದ್ದೂ ಅದೇ ಅಲ್ಲವೇ? ಪರದೆಯ ಮೇಲೆ ಒಂದೇ ಸಾಲು ಬಂತು.

ಕಾಯುತ್ತಿದ್ದೇನೆ...

ಈಗ ಬರುತ್ತದೆ, ಇನ್ನೇನು ಬಂತು ಅಂತ ಕಣ್ಣು ಮಿಟುಕಿಸದೆ ನೋಡಿದಳು. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಸಂದೇಶ ಕಳಿಸಿ ಕಿಸಕ್ಕನೆ ನಗುತ್ತಿದ್ದರು. ಅವಳ ಪರದೆಯಲ್ಲಿ ಮಾತ್ರ ಅದೇ ಸಾಲು. ಕೊನೆಗೆ ಗೋಡೆಯ ಆಚೆ ಕುರ್ಚಿ ಸರಿದ ಸದ್ದು. ಚೇತನ ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಹೋದ.

ಸೌಭಾಗ್ಯ ಕೀಬೋರ್ಡನ್ನು ಆಚೆ ಸರಿಸಿದಳು. 'ಹೇಳೂಣು ಅಂದವನು ಒಂದು ಅಕ್ಷರ ಕಳಿಸಲಿಲ್ಲ. ಅವನಿಗೆ ನಾ ಬ್ಯಾಡ. ನಾನ ಹುಚ್ಚಿ...'

"ಸೌಭಾಗ್ಯ, ಆ ಹುಡುಗ ಕಂಪ್ಯೂಟರ್ ಹಂಗ ಬಿಟ್ಟು ಹೋಗ್ಯಾನ. ಬಂದ್ ಮಾಡಿ ಬಾರವ್ವಾ," ಎಂದರು ಮೇಡಂ.

ಕಣ್ಣೊರೆಸಿಕೊಂಡು ಗೋಡೆಯ ಆಚೆ ಹೋದಳು. ಬಂದ್ ಮಾಡಲು ಚಾಚಿದ ಕೈ ಅಲ್ಲೇ ನಿಂತಿತು.

ಅವನ ಪರದೆಯ ಮೇಲೂ ಒಂದೇ ಸಾಲು.

ಕಾಯುತ್ತಿದ್ದೇನೆ...

ಒಂದೇ ಗೋಡೆ, ಎರಡು ತೆರೆದ ಬಾಗಿಲು... ಇಬ್ಬರೂ ಹೊಸ್ತಿಲಲ್ಲೇ ಕೂತಿದ್ದರು! ಇಷ್ಟು ಹೊತ್ತು ತನ್ನ ಮನಸ್ಸಿನ ಮಾತನ್ನೇ ಅವನ ಯಂತ್ರವೂ ಹೇಳುತ್ತಿತ್ತು. ಅವಳು ಅದನ್ನು ಬಂದ್ ಮಾಡಲಿಲ್ಲ. ಓಡಿ ತನ್ನ ಜಾಗಕ್ಕೆ ಬಂದು, ತಟ್ಟುವ ಪ್ರೋಗ್ರಾಂ ತೆರೆದು, ಅವನ ಕಂಪ್ಯೂಟರಿನ ವಿಳಾಸ ಬರೆದಳು. ಪದ್ಧತಿ ನೆನಪಾಯಿತು. ಆದರೂ ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಕನ್ನಡ ಬರೆದು ಎಂಟರ್ ಒತ್ತಿದಳು.

'ನಾನೂ ಕಾಯಾಕತ್ತಿದ್ದೆ. ಈಗ ನಾನ ಬಂದೇನಿ.'

ಹೋಯಿತು. ಆದರೆ ಓದುವವನು ಎಲ್ಲಿ? ಖಾಲಿ ಕುರ್ಚಿಯ ಮುಂದೆ ಮಾತು ಒಂದೇ ಕೂತಿತ್ತು.

ಅವಳು ಮೆಟ್ಟಿಲಿಳಿದು ಓಡಿದಳು. ಬೀದಿಯ ಚಹಾ ಅಂಗಡಿಯ ಮುಂದೆ, ಆರಿದ ಚಹಾ ಕೈಯಲ್ಲಿ ಹಿಡಿದು ಚೇತನ ನಿಂತಿದ್ದ.

"ನಿಮ್ಮ ಬಾಗಿಲಾ ಯಾರೋ ತಟ್ಯಾರ. ನೋಡಹೋಗ್ರಿ," ಎಂದಳು ಏದುಸಿರು ಬಿಡುತ್ತ.

ಅವನು ಒಂದು ಗಳಿಗೆ ಅವಳನ್ನು ನೋಡಿದ. ಲೋಟ ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದ. ಪರದೆಯ ಮುಂದೆ ಬಗ್ಗಿ, ಆ ಸಾಲನ್ನು ಓದಿ, ಮತ್ತೊಮ್ಮೆ ಓದಿ, ಕುರ್ಚಿಯ ಬೆನ್ನು ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದವು.

"ನೀವ್ಯಾಕ ತಟ್ಟಲಿಲ್ರಿ?" ಅವಳ ದನಿ ಒಡೆಯಿತು.

"ನಾಳೆ ನೋಡಾಕ ಬರೋರು ನಿಮ್ಮನ್ನ. ಹ್ಞೂಂ ಅನ್ನಬೇಕಾದವರೂ ನೀವ. ನಾ ಮೊದಲ ಕೇಳಿ ನಿಮ್ಮ ಮನಸ್ಸು ಎಳದಂಗ ಆಗಬಾರದು ಅಂತ ಬಾಗಿಲಾ ತಗದಿಟ್ಟು ಕುಂತೆ. ನಿಮ್ಮ ಕಡಿಂದ ಸದ್ದಿಲ್ಲ... ಮುಗೀತು ಅನ್ಕೊಂಡೆ."

"ನಾನೂ ಹಂಗ ಅನ್ಕೊಂಡಿದ್ದೆ."

ಇಬ್ಬರೂ ಅಳುತ್ತಲೇ ನಕ್ಕರು. ಮೇಡಂ ಕನ್ನಡಕ ಒರೆಸುವ ನೆವದಲ್ಲಿ ಆ ಕಡೆ ತಿರುಗಿದರು.

"ನಾಳೆ ಮುಂಜಾನೆ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ತೇನಿ, ಜೈನಾಪುರದವರು ಬರೂಕಿಂತ ಮೊದಲ," ಎಂದ ಚೇತನ. ಆಮೇಲೆ ಮೆಲ್ಲಗೆ ಕೇಳಿದ, "ಕಾಯ್ತೀರಿ?"

ಸೌಭಾಗ್ಯ ತಲೆ ಅಲ್ಲಾಡಿಸಿದಳು.

"ಕಾದದ್ದು ಸಾಕಾತ್ರಿ. ಬಬಲೇಶ್ವರ ಸ್ಟ್ಯಾಂಡಿನ್ಯಾಗ ಇಳೀರಿ. ನಮ್ಮವ್ವನ್ನ ಕರಕೊಂಡು ನಾನ ಅಲ್ಲಿತನಕಾ ಬರ್ತೇನಿ."