ಟ್ರಾನ್ಸ್‌ಫಾರ್ಮರಿಗೆ ನೀರು ಕುಡಿಸಿದವರು

ಟ್ರಾನ್ಸ್‌ಫಾರ್ಮರಿನ ಹೊಟ್ಟೆಯಲ್ಲಿದ್ದ ಎಣ್ಣೆಯೆಲ್ಲ ಹರಿದುಹೋಗಿತ್ತು. ಮೇಲಿನ ಮುಚ್ಚಳ ಬಿಚ್ಚಿ, ಬೆಂಕಿ ಆರಿಸುವ ಪೈಪನ್ನು ಒಳಗೆ ತುರುಕಿ, ಯಾರೋ ಅದಕ್ಕೆ ಗಂಟಲುಮಟ್ಟ ನೀರು ಕುಡಿಸಿದ್ದರು.

ಮೊದಲು ನೋಡಿದವನು ಗೇಟಿನ ಕಾವಲುಗಾರ. ಬೆಳಗ್ಗೆ ಸುತ್ತು ಹಾಕಲು ಹೋದವನ ಬೂಟು ಎಣ್ಣೆಯಲ್ಲಿ ಜಾರಿತು. ತಲೆಯೆತ್ತಿ ನೋಡಿದ. ನೋಡಿ ಗೇಟಿಗೆ ಓಡಿ ಫೋನ್ ಮಾಡಿದ.

ಇನ್ಸ್‌ಪೆಕ್ಟರ್ ಬಂದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಸುಮ್ಮನೆ ನಿಂತಿದ್ದವು. ಊರವರು ಅವನ್ನು ಫ್ಯಾನು ಎನ್ನುತ್ತಿದ್ದರು. ಅಷ್ಟೂ ಫ್ಯಾನುಗಳ ಕರೆಂಟು ಹೊರಗೆ ಹೋಗಬೇಕಾದರೆ ಈ ಒಂದು ಟ್ರಾನ್ಸ್‌ಫಾರ್ಮರಿನ ಮೂಲಕವೇ ಹೋಗಬೇಕು.

"ಒಣಗಿಸಿದರೆ ಆಗಲ್ವಾ?" ಇನ್ಸ್‌ಪೆಕ್ಟರ್ ಕೇಳಿದ.

ಮ್ಯಾನೇಜರ್ ತಲೆಯಾಡಿಸಿದ. "ಒಳಗಿನ ತಂತಿಗೆ ಸುತ್ತಿದ ಕಾಗದವೆಲ್ಲ ನೆನೆದು ಮುದ್ದೆಯಾಗಿದೆ. ಬೇರೆಯದೇ ಬರಬೇಕು. ಬರೋಕೆ ವರ್ಷ ಹಿಡಿಯತ್ತೆ. ನಮಗಿರೋದು ಈವತ್ತು ಒಂದೇ ದಿನ, ಸಾರ್."

ಆ ಒಂದು ದಿನದ ಕಥೆ ಊರಿನ ಮಕ್ಕಳಿಗೂ ಗೊತ್ತಿತ್ತು. ಸ್ಥಾವರದ ಹಳೆಯ ಒಪ್ಪಂದ ಮುಗಿದಿತ್ತು. ಮುಚ್ಚುವುದೆಂದು ಕಂಪನಿ ತೀರ್ಮಾನಿಸಿಯೂ ಆಗಿತ್ತು. ಅಷ್ಟರಲ್ಲಿ ಸರ್ಕಾರ ಹೊಸ ಯೋಜನೆ ತಂದಿತು. ಹೊಸದಾಗಿ ಕಟ್ಟುವ ಮಾತಿರಲಿ, ಗಾಳಿಯಿಂದ, ಬಿಸಿಲಿನಿಂದ ಕರೆಂಟು ತೆಗೆಯುವ ದೊಡ್ಡ ಸ್ಥಾವರಗಳು ಈಗಾಗಲೇ ಎಷ್ಟಿವೆಯೋ ಅಷ್ಟನ್ನಾದರೂ ಉಳಿಸಿಕೊಳ್ಳೋಣ, ಅವುಗಳ ಕರೆಂಟನ್ನು ಇನ್ನೂ ಹತ್ತು ವರ್ಷ ಸರ್ಕಾರವೇ ಒಳ್ಳೆಯ ದರಕ್ಕೆ ಕೊಳ್ಳುತ್ತದೆ ಎಂದಿತು. ಷರತ್ತು ಒಂದೇ. ತಪಾಸಣೆಗೆ ಬಂದ ದಿನ ಸ್ಥಾವರದಿಂದ ಕರೆಂಟು ಹರಿಯುತ್ತಿರಬೇಕು.

ತಪಾಸಣೆಯವರ ಜೀಪು ಬಂತು. ಅಧಿಕಾರಿ ಇಳಿದು ಎಣ್ಣೆಯ ಮಡುವನ್ನು ನೋಡಿದ. ಮ್ಯಾನೇಜರ್ ಕೈಮುಗಿದು ಬೇಡಿಕೊಂಡ. ಅಧಿಕಾರಿ ಕೆಟ್ಟವನಲ್ಲ. "ನನ್ನ ಕೈಲಿಲ್ಲ. ನಾಳೆಗೆ ಪಟ್ಟಿ ಮುಗಿಯತ್ತೆ," ಎಂದಷ್ಟೇ ಹೇಳಿ ಜೀಪು ಹತ್ತಿದ.

ಗೇಟಿನಾಚೆ ಊರೇ ನಿಂತಿತ್ತು. ಹೆಣ ಸಾಗಿಸುವಾಗ ಬದಿಗೆ ಸರಿಯುವಂತೆ ಸರಿದು ಜೀಪಿಗೆ ದಾರಿಬಿಟ್ಟರು.

ಇನ್ಸ್‌ಪೆಕ್ಟರ್ ಟ್ರಾನ್ಸ್‌ಫಾರ್ಮರಿನ ಸುತ್ತ ನಡೆದ. ಒಳಗಿನ ತಾಮ್ರ ಇದ್ದ ಹಾಗೇ ಇತ್ತು. ಮೂರೂ ತಂತಿಗಳಿಗೆ ನೆಲದ ಕೊಂಡಿ ಸಿಕ್ಕಿಸಿತ್ತು. ಹಾಗೆ ಸಿಕ್ಕಿಸಿದರೆ ತಂತಿಯಲ್ಲಿ ಉಳಿದ ಕರೆಂಟು ಮಣ್ಣಿಗೆ ಇಳಿಯುತ್ತದೆ, ಮುಟ್ಟಿದವರು ಸಾಯುವುದಿಲ್ಲ. ಪಕ್ಕದಲ್ಲೇ ಒಂದು ಹಲಗೆ ತೂಗುತ್ತಿತ್ತು: 'ಕೆಲಸ ನಡೆಯುತ್ತಿದೆ. ಸ್ವಿಚ್ ಹಾಕಬೇಡಿ.'

"ಈ ಕೊಂಡಿ ಹಾಕಿದ್ದು ಯಾರು?"

"ಮಾಡಿದವನೇ ಹಾಕಿರಬೇಕು," ಎಂದ ಮ್ಯಾನೇಜರ್. "ಕೆಲಸ ಬಲ್ಲವನು. ನಮ್ಮಲ್ಲೇ ಕಲಿತವನು. ಇನ್ನೂ ಬಿಡಿಸಿ ಹೇಳಬೇಕಾ, ಸಾರ್?"

ಬೇಕಿರಲಿಲ್ಲ. ಆ ಹೆಸರು ಆಗಲೇ ಎಲ್ಲರ ಬಾಯಲ್ಲಿತ್ತು — ಜಗಳಗಂಟ. ಫ್ಯಾನು ಹತ್ತಿ ರಿಪೇರಿ ಮಾಡುತ್ತಿದ್ದವನು. ಒಂದು ದಿನ ಹತ್ತುವುದಿಲ್ಲ ಎಂದು ಮ್ಯಾನೇಜರಿನ ಕೊರಳಪಟ್ಟಿ ಹಿಡಿದ. ಅಂದೇ ಕೆಲಸ ಹೋಯಿತು.

ಆದರೂ ಇನ್ಸ್‌ಪೆಕ್ಟರ್ ಮೊದಲು ಹೋದದ್ದು ಗುಜರಿ ವ್ಯಾಪಾರಿಯ ಅಂಗಡಿಗೆ. ಸ್ಥಾವರ ಮುಚ್ಚಿದರೆ ಕಬ್ಬಿಣ, ತಾಮ್ರವೆಲ್ಲ ಬಂದು ಬೀಳುವುದು ಅಲ್ಲಿಗೇ.

ವ್ಯಾಪಾರಿ ಮುರಿದ ಸೈಕಲ್ಲುಗಳ ನಡುವೆ ಕೂತು ನಕ್ಕ. "ಸಾರ್, ನಾನು ಹದ್ದು. ಸತ್ತದ್ದನ್ನ ತಿನ್ನೋನು. ಕೊಲ್ಲೋ ಧೈರ್ಯ ಇದ್ದಿದ್ರೆ ಹುಲಿ ಆಗ್ತಿದ್ದೆ."

"ನಿನ್ನೆ ಸಂಜೆಯಿಂದ ಎಲ್ಲಿದ್ದೆ?"

"ಆಸ್ಪತ್ರೆಲಿ. ಮಗಳ ಹೆರಿಗೆ. ಡಾಕ್ಟರಮ್ಮನ್ನೇ ಕೇಳಿ. ಇನ್ನೊಂದು ಮಾತು — ನಾನಾಗಿದ್ರೆ ತಾಮ್ರ ಬಿಟ್ಟು ಬರ್ತಿದ್ನಾ?"

ಡಾಕ್ಟರು ಹೌದೆಂದರು. ಹದ್ದು ಸುಳ್ಳಾಡಿರಲಿಲ್ಲ.

ಜಗಳಗಂಟ ತನ್ನ ಮನೆಯ ಬಾಗಿಲಲ್ಲೇ ಕಾಯುತ್ತಿದ್ದ.

"ನಿನ್ನೆ ಸಂಜೆಯಿಂದ?"

"ಮನೇಲಿ. ಹೆಂಡ್ತಿ ಬಿಟ್ರೆ ಬೇರೆ ಸಾಕ್ಷಿ ಇಲ್ಲ. ಕರ್ಕೊಂಡು ಹೋಗಿ."

"ಹತ್ತಲ್ಲ ಅಂದಿದ್ದು ಯಾಕೆ?"

"ನಿಮ್ಮ ಭಾವ ಹ್ಯಾಗೆ ಸತ್ರು ಅಂತ ನಿಮಗೆ ಗೊತ್ತಿಲ್ವಾ?"

ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಕಂಬದೊಳಗಿನ ಏಣಿಯ ಮೆಟ್ಟಿಲು ತುಕ್ಕು ತಿಂದು ಕಳಚಿತ್ತು. ಭಾವನನ್ನು ಕೆಳಗಿನಿಂದ ಎತ್ತಿಕೊಂಡು ಬಂದವರಲ್ಲಿ ಈ ಜಗಳಗಂಟನೂ ಒಬ್ಬ.

ಅವನನ್ನು ಠಾಣೆಗೆ ಕರೆತಂದದ್ದು ವಿಚಾರಣೆಗೆ. ಊರು ತೀರ್ಪನ್ನೇ ಕೊಟ್ಟಿತು. ಮಧ್ಯಾಹ್ನ ಅವನ ಮನೆಯ ಮೇಲೆ ಕಲ್ಲು ಬಿತ್ತು. ಒಂದು ಕಲ್ಲು ಅವನ ಹೆಂಡತಿಯ ಹಣೆ ಒಡೆಯಿತು.

ಕಂಟ್ರೋಲ್ ರೂಮಿನ ರಾತ್ರಿ ಪಾಳಿಯವನನ್ನು ಎಲ್ಲರೂ ಕರೆಯುತ್ತಿದ್ದದ್ದು ತೂಕಡಿಕೆ ಎಂದು. ಬಡಪಾಯಿ, ಈವತ್ತು ಅವನ ಕಣ್ಣು ಸರಿಯಾಗಿ ತೆರೆದಿತ್ತು.

"ಪಾಳಿಗೆ ಬಂದು ಸ್ವಲ್ಪ ಹೊತ್ತಿಗೇ ದೀಪ ಹೋಯ್ತು ಸಾರ್. ಗೇಟಿನ ದೀಪನೂ ಹೋಯ್ತು."

"ಹೊರಗೆ ಹೋಗಿ ನೋಡಲಿಲ್ವಾ?"

"ಹೊರಟಿದ್ದೆ. ಅಷ್ಟರಲ್ಲಿ ಹಗಲು ಪಾಳಿಯ ಅಕ್ಕನ ಫೋನ್ ಬಂತು. ಊರಿಗೂ ಕರೆಂಟಿಲ್ಲಂತೆ, ಹೊರಗಿನ ಲೈನೇ ಹೋಗಿದೆಯಂತೆ, ಬೆಳಗಿನವರೆಗೆ ಸ್ವಿಚ್ ಮುಟ್ಟಬೇಡ, ಕತ್ತಲಲ್ಲಿ ಅಂಗಳಕ್ಕೂ ಇಳೀಬೇಡ ಅಂದ್ರು. ಗಾಳಿನೂ ಇರಲಿಲ್ಲ. ಫ್ಯಾನೆಲ್ಲ ನಿಂತಿದ್ವು. ಸರಿ ಅಂತ ಕೂತೆ."

"ಕೂತೆಯೋ, ಮಲಗಿದೆಯೋ?"

ತೂಕಡಿಕೆ ನೆಲ ನೋಡಿದ. "ಅಕ್ಕ ಹೇಳಿದ ಮೇಲೆ ಯೋಚನೆ ಏನಿದೆ ಸಾರ್?"

ಇನ್ಸ್‌ಪೆಕ್ಟರಿಗೂ ಅದೇ ಅನ್ನಿಸಿತು. ಹಗಲು ಪಾಳಿಯ ಅಕ್ಕ ಸ್ಥಾವರಕ್ಕೆಲ್ಲ ಅಕ್ಕ, ಇನ್ಸ್‌ಪೆಕ್ಟರಿಗೆ ಒಡಹುಟ್ಟಿದ ಅಕ್ಕ. ಅಮ್ಮ ಹೋದ ಮೇಲೆ ಅವನಿಗೆ ತುತ್ತು ಕಲಸಿ ಕೊಟ್ಟು ಬೆಳೆಸಿದವಳು. ಅವಳ ಮಾತನ್ನು ತೂಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಹಿಂದಿನ ದಿನ ಅವನು ಕೋರ್ಟಿನ ಕೆಲಸಕ್ಕೆ ಪಟ್ಟಣಕ್ಕೆ ಹೋಗಿದ್ದ. ಊರಲ್ಲಿ ಕರೆಂಟು ಹೋಗಿತ್ತೆಂದರೆ ಹೋಗಿರಬೇಕು.

ಸಂಜೆ ಅವನು ಅಕ್ಕನ ಮನೆಗೆ ಹೋದ. ಅಡುಗೆಮನೆಯಲ್ಲಿ ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಅವಳ ಮಗಳು ಪುಟ್ಟಿ ನಡುಮನೆಯಲ್ಲಿ ಅತ್ತಿತ್ತ ಓಡಾಡುತ್ತಿದ್ದಳು. ಹೆಸರಿಗಷ್ಟೇ ಪುಟ್ಟಿ. ಅಪ್ಪ ಸತ್ತ ಮೇಲೆ ಕಂಪನಿ ಅವನ ಕೆಲಸವನ್ನು ಇವಳಿಗೆ ಕೊಟ್ಟಿತ್ತು. ಅದೇ ಸೊಂಟಪಟ್ಟಿ ಕಟ್ಟಿಕೊಂಡು ಅವೇ ಕಂಬಗಳನ್ನು ಹತ್ತುತ್ತಿದ್ದಳು.

"ಮಾವ, ಅವನು ಒಪ್ಪಿಕೊಂಡ್ನಾ?"

"ಇಲ್ಲ."

"ಒಪ್ಪಲ್ಲ. ಹೊಟ್ಟೆಕಿಚ್ಚು ಅವನಿಗೆ. ಹತ್ತು ವರ್ಷ, ಮಾವ. ಹತ್ತು ವರ್ಷದ ಕೆಲಸ ಇತ್ತು. ಊರಿಗೆ ಊರೇ ಬದುಕ್ತಿತ್ತು." ಅವಳ ದನಿ ಒಡೆಯಿತು. "ನಿನ್ನೆ ಸಂಜೆ ಕೂತು ಎಲ್ಲರ ಸಮವಸ್ತ್ರನೂ ಇಸ್ತ್ರಿ ಮಾಡಿದೆ. ಸಾಹೇಬರ ಮುಂದೆ ಚೆನ್ನಾಗಿ ಕಾಣಲಿ ಅಂತ. ಅಮ್ಮ ಬರೋವರೆಗೂ ಅದೇ ಕೆಲಸ."

"ಇಸ್ತ್ರಿ ಎಷ್ಟು ಹೊತ್ತಿಗೆ?"

"ಕತ್ತಲಾದ ಮೇಲೆ. ಯಾಕೆ?"

"ಕರೆಂಟಿತ್ತಾ?"

ಪುಟ್ಟಿ ಅವನನ್ನು ವಿಚಿತ್ರವಾಗಿ ನೋಡಿದಳು. "ಇಲ್ಲದೆ ಇಸ್ತ್ರಿ ಹ್ಯಾಗೆ ಮಾಡ್ಲಿ?"

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು. ಒಂದು ಕ್ಷಣ. ಮತ್ತೆ ಶುರುವಾಯಿತು.

ಅಕ್ಕ ತಟ್ಟೆ ಹಾಕಿದಳು. ಅವನು ಅನ್ನ ಕಲಸುತ್ತಲೇ ಕೂತ. "ಹುಷಾರಿಲ್ವೇನೋ?" ಎಂದು ಅಕ್ಕ ಹಣೆ ಮುಟ್ಟಿ ನೋಡಿದಳು. ಅವನು ತಲೆ ತಗ್ಗಿಸಿಕೊಂಡೇ ಎದ್ದ.

ಮನೆಗೆ ಹೋಗುವ ದಾರಿಯಲ್ಲಿ ದರ್ಜಿಯನ್ನು ಕೇಳಿದ. ಕರೆಂಟಿನ ಹೊಲಿಗೆಯಂತ್ರ ನಿನ್ನೆ ಸಂಜೆ ನಿಂತಿರಲೇ ಇಲ್ಲ. ಕ್ಷೌರದಂಗಡಿಯಲ್ಲಿ ಕೇಳಿದ. ದೀಪ ಮಿಣುಕಿರಲೂ ಇಲ್ಲ. ಇನ್ನೊಬ್ಬರಾದರೂ ಕರೆಂಟು ಹೋಗಿತ್ತು ಎನ್ನಲಿ ಎಂದು ಬೇಡುವವನಂತೆ ಅಂಗಡಿಯಿಂದ ಅಂಗಡಿಗೆ ಅಲೆದ. ಯಾರೂ ಅನ್ನಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಜಗಳಗಂಟನನ್ನು ಊರು ಆಗಲೇ ಅಪರಾಧಿ ಮಾಡಿತ್ತು. ಆದರೆ ಠಾಣೆಯ ಬೆಂಚಿನ ಮೇಲೆ ಅವನ ಹೆಂಡತಿ ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಅವಳು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಗದರಿಸಿಯಾದರೂ ಕಳಿಸಬಹುದಿತ್ತು.

ಮರುದಿನ ಬೆಳಗ್ಗೆ ಮ್ಯಾನೇಜರಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರಿನ ಮೇಲಧಿಕಾರಿ ಬಂದಿದ್ದರು. ಜಗಳಗಂಟ, ತೂಕಡಿಕೆ, ಕಾವಲುಗಾರ ಗೋಡೆಗೆ ಒರಗಿ ನಿಂತಿದ್ದರು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಮಾಡಿದವನೇ ಸಿಕ್ಕಿರುವಾಗ ಈ ಸಭೆ ಯಾಕೆ?" ಎಂದ ಮ್ಯಾನೇಜರ್.

"ಇವನಲ್ಲ," ಎಂದ ಇನ್ಸ್‌ಪೆಕ್ಟರ್. ಅವನ ದನಿ ಅವನಿಗೇ ಬೇರೆಯವರದ್ದೆಂಬಂತೆ ಕೇಳಿತು. "ನಾವೆಲ್ಲ ಆ ಕೊಂಡಿಯನ್ನ, ಹಲಗೆಯನ್ನ ನೋಡಿದ್ವಿ. ಕೆಲಸ ಬಲ್ಲವನು ಅಂದ್ಕೊಂಡ್ವಿ. ಅಲ್ಲಿಗೇ ನಿಲ್ಲಿಸಿದ್ವಿ. ಸೇಡಿಗೆ ಬಂದವನು ಕೆಲಸ ಮುಗಿಸಿ ಓಡ್ತಾನೆ. ಇವರು ಕೆಲಸ ಮುಗಿದ ಮೇಲೂ ಕೊಂಡಿ ಬಿಟ್ಟು ಹೋಗಿದ್ದಾರೆ. ಬೆಳಗ್ಗೆ ಬಂದು ಮುಟ್ಟುವವರು ಸಾಯಬಾರದು ಅಂತ. ಟ್ರಾನ್ಸ್‌ಫಾರ್ಮರ್ ಸಾಯಬೇಕಿತ್ತು. ಮನುಷ್ಯರಲ್ಲ."

"ಅದರಿಂದ ಹೆಸರು ಸಿಗಲ್ಲ," ಎಂದರು ಮೇಲಧಿಕಾರಿ.

"ಇಲ್ಲ ಸಾರ್. ಹೆಸರು ಸಿಕ್ಕಿದ್ದು ಒಂದು ಫೋನಿನಿಂದ. ದೀಪ ಹೋದ ಕೂಡಲೇ ಇವನಿಗೆ ಫೋನ್ ಬಂತು. ಊರಿಗೂ ಕರೆಂಟಿಲ್ಲ, ಸ್ವಿಚ್ ಮುಟ್ಟಬೇಡ, ಅಂಗಳಕ್ಕೆ ಇಳೀಬೇಡ ಅಂತ. ಇವನು ಅದನ್ನ ಉಪಕಾರ ಅಂದ್ಕೊಂಡ. ನಾನೂ ಹಾಗೇ ಅಂದ್ಕೊಂಡೆ. ಆದರೆ ಆವತ್ತು ಊರಿಗೆ ಕರೆಂಟಿತ್ತು. ದರ್ಜಿ ಹೊಲೀತಿದ್ದ. ನನ್ನ ಸೋದರಸೊಸೆ ಇಸ್ತ್ರಿ ಮಾಡ್ತಿದ್ದಳು. ಕತ್ತಲಿದ್ದದ್ದು ಈ ಸ್ಥಾವರದಲ್ಲಿ ಮಾತ್ರ. ಮನೆಯಲ್ಲಿದ್ದವರಿಗೆ ಅದು ಗೊತ್ತಾಗೋಕೆ ಸಾಧ್ಯವೇ ಇರಲಿಲ್ಲ. ಗೊತ್ತಿದ್ದದ್ದು ಅಂಗಳದಲ್ಲಿ ನಿಂತು ಮೇನ್ ಸ್ವಿಚ್ ತೆಗೆದವರಿಗೆ. ಪಾಳಿ ಮುಗಿಸಿದವರು ಮನೆಗೆ ಹೋಗಿರಲಿಲ್ಲ. ಕೆಲಸ ಮುಗಿಸಿ, ಗೇಟಿನ ಕತ್ತಲಲ್ಲಿ ದಾಟಿ ಹೋದರು."

ತೂಕಡಿಕೆ ಅಕ್ಕನನ್ನು ನೋಡಿದ. ಎಲ್ಲರ ಮುಖವೂ ಕಿಟಕಿಯ ಕಡೆ ತಿರುಗಿತು.

"ಅಕ್ಕ," ಎಂದ ಇನ್ಸ್‌ಪೆಕ್ಟರ್.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವನನ್ನ ಹಿಡೀತಾರೆ ಅಂತ ನನಗೆ ಹೊಳೀಲೇ ಇಲ್ಲ ಕಣೋ," ಎಂದಳು, ಜಗಳಗಂಟನ ಕಡೆ ನೋಡುತ್ತ. "ನಿನ್ನೆಯಿಡೀ ಹೇಳಿಬಿಡೋಣ ಅನ್ನಿಸ್ತಿತ್ತು. ಇವಳ ಮುಖ ನೋಡಿದ್ರೆ ನಾಲಿಗೆ ಏಳ್ತಿರಲಿಲ್ಲ."

"ಯಾಕಮ್ಮ?" ಮೇಲಧಿಕಾರಿ ಕೇಳಿದರು. "ನಿಮ್ಮ ಅನ್ನದ ತಟ್ಟೆಗೇ ನೀರು ಸುರಿದುಕೊಂಡಿರಲ್ಲ?"

"ಆ ಏಣಿ ನನ್ನ ಗಂಡನ್ನ ತಿಂತು. ಈಗ ಮಗಳು ಹತ್ತುತಾಳೆ. ಮೆಟ್ಟಿಲು ಬದಲಾಯಿಸಿ ಅಂತ ಕೇಳದ ದಿನ ಇಲ್ಲ. ಮುಚ್ಚೋ ಸ್ಥಾವರಕ್ಕೆ ಯಾಕೆ ಖರ್ಚು ಅಂದ್ರು. ಯೋಜನೆ ಬಂತು. ಸಿಗಲಿ, ಆಮೇಲೆ ನೋಡೋಣ ಅಂದ್ರು. ತಪಾಸಣೆಯವರು ಏನೇನು ನೋಡ್ತಾರೆ ಅಂತ ನಾನೇ ಫೋನ್ ಮಾಡಿ ಕೇಳಿದೆ. ಕರೆಂಟ್ ಬರ್ತಿದೆಯಾ ಅಂತ ನೋಡ್ತಾರಂತೆ. ಏಣಿ ನೋಡಲ್ವಂತೆ."

ಮ್ಯಾನೇಜರ್ ಮೇಜಿನ ಮೇಲಿನ ಪೆನ್ನನ್ನು ಎತ್ತಿ, ಮತ್ತೆ ಅದೇ ಜಾಗದಲ್ಲಿಟ್ಟ.

"ಕೆಲಸ ಬಿಡು ಅಂತ ಇವಳ ಕಾಲು ಹಿಡಿದೆ. ಈ ಸ್ಥಾವರ ಇರೋವರೆಗೂ ಹತ್ತುತೀನಿ, ಇದು ಅಪ್ಪನ ಕೆಲಸ ಅಂದಳು. ಇನ್ನು ಹತ್ತು ವರ್ಷ. ದಿನಾ ಬೆಳಗ್ಗೆ ಇವಳು ಹತ್ತೋದನ್ನ ಆ ಕಿಟಕಿಯಿಂದ ನೋಡ್ತಾ ಕೂರಬೇಕಿತ್ತು ನಾನು."

ಪುಟ್ಟಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು. "ಅಪ್ಪಂದು ಅಂತ ನನಗೆ ಉಳಿದಿದ್ದು ಅದೊಂದೇ," ಎಂದಳು ಮೆಲ್ಲಗೆ. "ಅದನ್ನೂ ಸಾಯಿಸಿದೆ." ಹೊರಗೆ ನಡೆದುಬಿಟ್ಟಳು. ಅಕ್ಕ ಎದ್ದು ಹಿಂದೆ ಹೋಗಲು ನೋಡಿದಳು. ಮೇಲಧಿಕಾರಿಯ ಜೊತೆ ಬಂದಿದ್ದ ಮಹಿಳಾ ಪೇದೆ ಅಡ್ಡ ನಿಂತಳು.

ಪ್ರಕರಣ ಬೇರೆಯವರ ಕೈಗೆ ಹೋಯಿತು. ಅಕ್ಕ ಯಾವುದನ್ನೂ ಅಲ್ಲಗಳೆಯಲಿಲ್ಲ. ಶಿಕ್ಷೆಯಾಯಿತು. ಸ್ಥಾವರ ಮುಚ್ಚಿತು. ಜಗಳಗಂಟ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಕಲ್ಲು ಹೊಡೆದವರಲ್ಲಿ ಒಬ್ಬನೂ ಅವನನ್ನು ತಡೆದು ಮಾತಾಡಿಸಲಿಲ್ಲ. ಬಸ್ ನಿಲ್ದಾಣದ ಪಕ್ಕದ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದವು. ಇನ್ಸ್‌ಪೆಕ್ಟರ್ ಬೀದಿಯಲ್ಲಿ ಹೋದರೆ ಜನ ಮುಖ ತಿರುಗಿಸುತ್ತಿದ್ದರು. ಅಕ್ಕನ ತಮ್ಮ ಎಂದು ಕೆಲವರು, ಅಕ್ಕನನ್ನೇ ಹಿಡಿದುಕೊಟ್ಟವನು ಎಂದು ಉಳಿದವರು.

ಜೈಲಿನ ಭೇಟಿಗೆ ಪುಟ್ಟಿ ಒಮ್ಮೆಯೂ ಬರಲಿಲ್ಲ. ಹೋಗುತ್ತಿದ್ದವನು ತಮ್ಮನೊಬ್ಬನೇ.

"ಅವಳು ಊಟ ಸರಿಯಾಗಿ ಮಾಡ್ತಾಳೇನೋ?" ಜಾಲರಿಯಾಚೆಯಿಂದ ಅಕ್ಕ ಕೇಳಿದಳು.

"ಮಾಡ್ತಾಳೆ." ಅವನು ಜಾಲರಿಯಿಂದ ಕಣ್ಣು ತೆಗೆದ. "ಕೆಲಸ ಸಿಕ್ತು ಅವಳಿಗೆ. ದೂರ. ಕಡಲ ದಡದಲ್ಲಿ."

"ಎಂಥ ಕೆಲಸ?"

"ಅದೇ. ಫ್ಯಾನು ಹತ್ತೋದು. ಅಲ್ಲಿಯ ಸ್ಥಾವರಕ್ಕೆ ಯೋಜನೆ ಸಿಕ್ಕಿದೆ. ಜನ ಬೇಕಂತೆ."

ಅಕ್ಕನ ಬೆರಳುಗಳು ಜಾಲರಿಯನ್ನು ಬಿಗಿಯಾಗಿ ಹಿಡಿದವು.

"ಹೆದರಬೇಡ," ಎಂದ ಅವನು ಅವಸರದಲ್ಲಿ. "ಅಲ್ಲಿ ಏಣಿಗಳೆಲ್ಲ ಹೊಸದಂತೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಅವನು ಸುಳ್ಳು ಹೇಳಿದಾಗಲೂ ಹೀಗೇ ನೋಡುತ್ತಿದ್ದಳು, ಬೈಯುತ್ತಿರಲಿಲ್ಲ.

"ಆ ಯೋಜನೆ ಇರೋದೇ ಹಳೇ ಸ್ಥಾವರಗಳಿಗೆ ಅಲ್ವೇನಪ್ಪ," ಎಂದಳು.