ಹಕ್ಕಿಯ ರಕ್ತದಲ್ಲಿ ಅಡಗಿದ ಮಾಂತ್ರಿಕ

ಬಲು ಹಿಂದೆ, ನಕ್ಷೆ ಬರೆಯುವವರು ಮರೆತೇಬಿಟ್ಟ ಸಿರಿಗೋಡು ಎಂಬ ರಾಜ್ಯದಲ್ಲಿ, ಪಿಕಳಾರ ಹಕ್ಕಿ ಕೂಗದೆ ಸೂರ್ಯ ಏಳುತ್ತಿರಲಿಲ್ಲ. ಸುಳ್ಳು ಎನ್ನುವವರು ಅಲ್ಲಿಗೇ ಹೋಗಿ ವಿಚಾರಿಸಬಹುದು.

ಅಲ್ಲಿ ಕಾಳಂಬನೆಂಬ ಮಾಂತ್ರಿಕನಿದ್ದ. ಅವನ ಅಣ್ಣಂದಿರೆಲ್ಲ ಏಳು ಸಮುದ್ರದಾಚೆಯ ಗಿಳಿಗಳಲ್ಲಿ ಜೀವ ಬಚ್ಚಿಟ್ಟು, ಯಾರೋ ರಾಜಕುಮಾರರು ಆ ಗಿಳಿಗಳ ಕತ್ತು ಹಿಸುಕಿದ್ದರಿಂದ ಒಬ್ಬೊಬ್ಬರಾಗಿ ಸತ್ತಿದ್ದರು. ಕಾಳಂಬ ಜಾಣ. ತನ್ನ ಜೀವವನ್ನು ಬೀಸುವ ಕಲ್ಲಿನಲ್ಲಿ ಹಿಟ್ಟು ಮಾಡಿ ಹಾಡುಹಕ್ಕಿಗಳ ರಕ್ತದೊಳಗೆ ತೂರಿಬಿಟ್ಟ. ಒಂದೊಂದು ಕಣವೂ ರಕ್ತ ಕುಡಿದು ಹನ್ನೆರಡಾಯಿತು. ಸೊಳ್ಳೆಗಳು ಕೂಲಿಯಾಳುಗಳಂತೆ ಅವನನ್ನು ಹಕ್ಕಿಯಿಂದ ಹಕ್ಕಿಗೆ ಹೊತ್ತವು. ಹಕ್ಕಿಗಳು ಗರಿ ಉಬ್ಬಿಸಿಕೊಂಡು, ಕೂತಲ್ಲೇ ತೂಕಡಿಸಿ, ಕೊಂಬೆಯಿಂದ ಬಿದ್ದವು. ಸೂರ್ಯ ಮಧ್ಯಾಹ್ನಕ್ಕೆ ಏಳತೊಡಗಿದ.

"ಎಲ್ಲ ಹಕ್ಕಿಗಳನ್ನೂ ಕೊಂದುಬಿಡಿ. ಅವನೂ ಸಾಯುತ್ತಾನೆ," ಎಂದ ರಾಜ.

"ಆಮೇಲೆ ಸೂರ್ಯನನ್ನು ನೀವು ಕೂಗಿ ಎಬ್ಬಿಸ್ತೀರಾ ಬುದ್ಧೀ?" ಎಂದಳು ಹಕ್ಕಿ ಹಿಡಿಯುವ ದ್ಯಾವಿ.

ರಾಜ ಮೂರು ದಿನ ಕೊಟ್ಟ. ದ್ಯಾವಿಯ ಮನೆಯಲ್ಲೂ ಒಂದು ಪಿಕಳಾರವಿತ್ತು. ಗೂಡಿನಿಂದ ಬಿದ್ದ ಮರಿಗೆ ಅನ್ನ ಅಗಿದು ತಿನ್ನಿಸಿ ಸಾಕಿದ್ದಳು. ಹೆಸರು ಚಿಣ್ಣ.

ಮೊದಲ ದಿನ ಅವಳು ಬೇವಿನ ಕಷಾಯ ಕುಡಿಸಿದಳು. ರಕ್ತದೊಳಗಿನ ಕಣಗಳು ಅದನ್ನೂ ಕುಡಿದು ತೇಗಿದವು.

ಎರಡನೆಯ ದಿನ, ಉಳಿದ ಹಕ್ಕಿಗಳನ್ನೆಲ್ಲ ಬಲೆ ಬೀಸಿ ಹಿಡಿದು, ಚಿಣ್ಣನ ಜೊತೆ ಒಂದೇ ದೊಡ್ಡ ಪಂಜರದಲ್ಲಿಟ್ಟಳು. ಹಕ್ಕಿ ಹಿಡಿಯುವವಳಿಗೆ ಕಾಪಾಡುವುದೆಂದರೆ ಕೂಡಿಹಾಕುವುದೇ. ಕುಡಿಯಲು ನೂರು ಕುಡಿಕೆ ನೀರನ್ನೂ ಇಟ್ಟಳು. ಸೊಳ್ಳೆಗಳಿಗೆ ಮದುವೆಯೂಟ. ಹಾರಿ ತಪ್ಪಿಸಿಕೊಳ್ಳಲು ಹಕ್ಕಿಗೆ ಜಾಗವಿಲ್ಲ. ಮರುದಿನ ಪಂಜರದ ತಳ ಕಾಣಲಿಲ್ಲ, ಅಷ್ಟು ಗರಿ.

"ನಾನೇ ಕೊಂದೆ," ಎನ್ನುತ್ತ ಬಾಗಿಲು ಕಿತ್ತೆಸೆದಳು. ಬದುಕಿದ್ದವು ತಡವರಿಸಿಕೊಂಡು ಹಾರಿದವು. ಚಿಣ್ಣ ಮಾತ್ರ ಹೋಗಲಿಲ್ಲ.

"ಅಳಬೇಡ ಅಕ್ಕಾ. ಮರಿಯಾಗಿದ್ದಾಗಲೇ ಈ ಜ್ವರ ನನಗೆ ಬಂದು ಹೋಗಿದೆ. ನನ್ನೊಳಗೆ ಬಂದವನು ಬೆಳೆಯಲಾರ, ಹೊರಗೂ ಹೋಗಲಾರ," ಎಂದಿತು ಅದು.

"ಅದಕ್ಕೆ?"

"ನೋಡ್ತಿರು," ಎಂದು ಚಿಣ್ಣ ಸೊಳ್ಳೆಗಳು ಹುಟ್ಟುವ ಕೊಳದ ಕಡೆ ತಿರುಗಿ ಕೂಗಿತು: "ಏ ಕಾಳಂಬಾ! ಸತ್ತುಬಿದ್ದವರ ರಕ್ತ ಕುಡಿಯೋದೂ ಒಂದು ಗಂಡಸ್ತನವೇನೋ? ನನ್ನದು ಕುಡಿದು ಅರಗಿಸಿಕೋ ನೋಡೋಣ!"

ಕಾಳಂಬನಿಗೆ ಮೈಯೆಲ್ಲ ಉರಿಯಿತು. ಕಾಡಿನಲ್ಲೆಲ್ಲ ಹರಡಿದ್ದ ತನ್ನ ಕಣಕಣವನ್ನೂ ಕರೆದ. ಸಂಜೆಯ ಹೊತ್ತಿಗೆ ಸೊಳ್ಳೆಗಳು ಮೋಡದಂತೆ ಬಂದು ಅವನನ್ನೆಲ್ಲ ಆ ಒಂದು ಹಿಡಿ ಹಕ್ಕಿಯೊಳಗೆ ಸುರಿದವು. ಆಗ ಅವನಿಗೆ ಬುದ್ಧಿ ಬಂತು. ಜೀವವೆಲ್ಲ ಹಕ್ಕಿಯೊಳಗೆ ಸಿಕ್ಕಿಕೊಂಡು, ಹೊರಗುಳಿದ ಮೈ ಹೆಬ್ಬೆರಳಿನಷ್ಟಾಗಿ, ದ್ಯಾವಿಯ ಕಾಲಿಗೆ ಬಿದ್ದ.

"ತಾಯೀ, ಕತ್ತು ಮುರೀಬೇಡ! ಸುಮ್ಮನಿರು ಸಾಕು. ನಿನ್ನ ಚಿಣ್ಣ ನೂರು ವರ್ಷ ಹಾಡಿಕೊಂಡಿರುತ್ತೆ!"

ದ್ಯಾವಿ ಹಕ್ಕಿಯನ್ನು ಅಂಗೈಗೆ ತೆಗೆದುಕೊಂಡಳು. ಬೆಚ್ಚಗಿತ್ತು. ಎದೆ ಪಟಪಟ ಎನ್ನುತ್ತಿತ್ತು.

"ನೂರು ವರ್ಷ ಆದಮೇಲೆ?" ಎಂದಳು.

"ಆಮೇಲೆ ಮತ್ತೆ ಇವನೇ," ಎಂದಿತು ಚಿಣ್ಣ. "ಬೇಗ ಅಕ್ಕಾ. ನನಗೂ ಹೆದರಿಕೆ ಆಗುತ್ತೆ."

ಎಷ್ಟೋ ಹಕ್ಕಿಗಳನ್ನು ಹಿಡಿದ ಕೈ ಅದು. ನೋವಾಗದಂತೆ ಮಾಡುವುದು ಅದಕ್ಕೆ ಗೊತ್ತಿತ್ತು.

ಕಾಳಂಬ ನೀರಿಗೆ ಬಿದ್ದ ಸುಣ್ಣದಂತೆ ಕುದಿದು ಇಲ್ಲವಾದ. ಬಿದ್ದ ಹಕ್ಕಿಗಳಲ್ಲಿ ಉಸಿರಿದ್ದವು ಎದ್ದವು. ಸೂರ್ಯ ಹೊತ್ತಿಗೆ ಸರಿಯಾಗಿ ಹುಟ್ಟಿದ. ರಾಜ, ಪ್ರಜೆ, ಕಾಡು, ಎಲ್ಲರೂ ಸುಖವಾಗಿದ್ದರು.

ದ್ಯಾವಿಯೂ ಸುಖವಾಗಿದ್ದಳು ಎಂದೇ ಎಲ್ಲರೂ ಈ ಕತೆ ಮುಗಿಸುತ್ತಾರೆ. ಬೆಳಗಾದರೆ ಸಾವಿರ ಪಿಕಳಾರಗಳು ಕೂಗುತ್ತಿದ್ದವು. ಅವಳು ಹೊಸಿಲ ಮೇಲೆ ಕೂತು ಒಂದೊಂದನ್ನೂ ಕೊನೆಯವರೆಗೆ ಕೇಳುತ್ತಿದ್ದಳು. "ಇದಲ್ಲ," ಎನ್ನುತ್ತಿದ್ದಳು. "ಇದೂ ಅಲ್ಲ." ಆಮೇಲೆ ಎದ್ದು ಒಲೆ ಹಚ್ಚುತ್ತಿದ್ದಳು.